‘ಅವರು ಹಾಗೆಯೇ’ ಎಂಬ ಮಾತು: ಎಳೆಯರ ಮನಸ್ಸೂ ಮಕ್ಕಳ ಪುಸ್ತಕವೂ

ಪುಣೆಯ ದಕ್ಷಿಣದ ಅಂಚಿನಲ್ಲಿರುವ ಕೊಂಢವಾದಲ್ಲಿ ನಮ್ಮ ಮಿತ್ರರೊಬ್ಬರ ಬಿಡಾರವಿದೆ. ಊರು ಕುಂದಾಪುರದ ಕಡೆ. ಹದಿನಾರನೆಯ ವಯಸ್ಸಿಗೆ ಬಸ್ಸು ಹತ್ತಿ ಬಂದು, ಮೇಜು ಒರೆಸುವ ಕೆಲಸದಿಂದ ಆರಂಭಿಸಿ, ಈಗ ಕ್ಯಾಂಪಿನ ಹೋಟೆಲೊಂದರಲ್ಲಿ ಕಾವಲಿಯ ಮುಂದೆ ನಿಲ್ಲುವ ಭಟ್ಟರಾಗಿದ್ದಾರೆ. ಬೆಳಗಿನ ನಾಲ್ಕೂವರೆಗೆ ಮನೆ ಬಿಟ್ಟರೆ ರಾತ್ರಿ ಮಗಳು ಮಲಗಿದ ಮೇಲೆಯೇ ಮರಳುವುದು. ಆದುದರಿಂದ ಅವರನ್ನು ಕಾಣಬೇಕಾದರೆ ವಾರದ ರಜೆಯ ದಿನವೇ ಹೋಗಬೇಕು. ಈಚೆಗೆ ಅಂತಹ ಒಂದು ದಿನ ನಾವು ಹೋಗಿದ್ದೆವು.

ಮೆಟ್ಟಿಲ ಮೇಲೆ ಭಟ್ಟರ ಆರು ವರ್ಷದ ಮಗಳು ಅಡಿಗೆಯಾಟ ಆಡುತ್ತಿದ್ದಳು. ಜೊತೆಗಾರ ಕೆಳಮಹಡಿಯ ಮುಸಲ್ಮಾನ ರಿಕ್ಷಾ ಚಾಲಕರ ಮಗ, ಅವಳದೇ ವಯಸ್ಸು. ಹುಡುಗನು ಸಟ್ಟುಗವನ್ನು ಕೈಗೆತ್ತಿಕೊಂಡು, ಇಂದು ಅಡಿಗೆ ತನ್ನದೆಂದನು. ಹುಡುಗಿ ಅದನ್ನು ಕಸಿದುಕೊಂಡು, “ಗಂಡಸರು ಅಡಿಗೆ ಮಾಡುವುದಿಲ್ಲ, ನೀನು ಆಫೀಸಿಗೆ ಹೋಗು” ಎಂದಳು. ದಿನಕ್ಕೆ ನಾನೂರು ದೋಸೆ ಎರೆಯುವ ತಂದೆ ಬಾಗಿಲಲ್ಲಿಯೇ ನಿಂತಿದ್ದರು. ನಾವು ನಗು ತಡೆಯಲಾರದೆ, “ಹಾಗಾದರೆ ನಿನ್ನ ಅಪ್ಪಯ್ಯ ಏನು ಮಾಡುತ್ತಾರೆ ಮಗೂ?” ಎಂದು ಕೇಳಿದೆವು. “ಅಪ್ಪಯ್ಯ ಹೋಟೆಲಿಗೆ ಹೋಗುತ್ತಾರೆ” ಎಂದು ಉತ್ತರ ಬಂತು. ಅಲ್ಲಿ ಹೋಗಿ ಏನು ಮಾಡುತ್ತಾರೆಂಬುದನ್ನು ಆ ಮಗು ಕಂಡಿರಲಿಲ್ಲ. ರಜೆಯ ದಿನ ಭಟ್ಟರು ಮನೆಯ ಒಲೆಯ ಕಡೆಗೆ ಮುಖ ಮಾಡುತ್ತಿರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಹುಡುಗನು ತನ್ನ ಮನೆಯಿಂದ ಎರಡು ಬಾಳೆಹಣ್ಣು ತಂದು ಒಂದನ್ನು ಗೆಳತಿಗೆ ನೀಡಿದನು. ಊರಿನಿಂದ ಬಂದಿದ್ದ ಹಿರಿಯ ಬಂಧುವೊಬ್ಬರು ಒಳಗಿನಿಂದಲೇ, “ಅಲ್ಲಿಂದ ಏನೂ ತೆಗೆದುಕೊಳ್ಳಬೇಡ ಮಗಾ, ಅವರು ಹಾಗೆಯೇ” ಎಂದರು. ಮಗು ತಿರುಗಿ ನೋಡಿ, “ಹಾಗೆಯೇ ಅಂದರೆ ಹೇಗೆ?” ಎಂದು ಕೇಳಿತು. ಹಿರಿಯರು ಉತ್ತರ ಹೇಳಲಿಲ್ಲ. ಭಟ್ಟರೂ ಹೇಳಲಿಲ್ಲ. ನಾವೂ ಹೇಳಲಿಲ್ಲ. ಹುಡುಗನಿಗೆ ಕನ್ನಡ ಬಾರದು. ಆದರೂ ಹಣ್ಣನ್ನು ಹಿಡಿದ ಕೈಯನ್ನು ಮೆಲ್ಲನೆ ಹಿಂದಕ್ಕೆ ಎಳೆದುಕೊಂಡನು.

ಆ ಮೌನವೇ ಈ ಲೇಖನಕ್ಕೆ ಕಾರಣ. ಒಂದೇ ಅರ್ಧ ಗಂಟೆಯಲ್ಲಿ, ಒಂದೇ ಮೆಟ್ಟಿಲ ಮೇಲೆ, ಎರಡು ಅಭಿಪ್ರಾಯಗಳು ಅಚ್ಚಿಗೆ ಬೀಳುವುದನ್ನು ನಾವು ಕಂಡೆವು. ಗಂಡಸರು ಹೀಗೆ, ಹೆಂಗಸರು ಹೀಗೆ ಎಂಬುದೊಂದು. ನಮ್ಮವರು ಹೀಗೆ, ಅವರು ಹಾಗೆ ಎಂಬುದು ಇನ್ನೊಂದು. ಮೊದಲನೆಯದನ್ನು ನೋಡಿ ನಕ್ಕೆವು. ಎರಡನೆಯದಕ್ಕೆ ಬಾಯಿ ಬರಲಿಲ್ಲ. ಎರಡರ ಬೇರೂ ಒಂದೇ ಎಂಬುದು ಆಮೇಲೆ ಹೊಳೆಯಿತು.

ನಮಗೂ ತಗುಲಿದ ಅಚ್ಚು

ಪರನಾಡಿಗೆ ದುಡಿಯಲು ಬಂದ ನಮ್ಮವರಿಗೆ ಈ ವಿಷಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಮಂಗಳೂರಿನವನಿರಲಿ, ಧಾರವಾಡದವನಿರಲಿ, ವಿಂಧ್ಯದ ಆಚೆಯವರಿಗೆ ಎಲ್ಲರೂ ‘ಮದ್ರಾಸಿ’ಗಳೇ ಆಗಿದ್ದ ಕಾಲವೊಂದಿತ್ತು, ಅದು ಪೂರ್ತಿ ಕಳೆದಿದೆಯೆಂದು ಹೇಳುವಂತಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಬಳಿಕ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಚಳವಳಿಗೆ ಲುಂಗಿಯೇ ಗುರುತಾಯಿತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಆ ಹೋಟೆಲಿನಲ್ಲಿ ಎರಡಾಣೆಗೆ ಚಹ ಕುಡಿದವರೂ ಕಲ್ಲೆಸೆದವರಲ್ಲಿ ಇದ್ದಿರಬಹುದು. ದಿನವೂ ಕಾಣುವ ಮನುಷ್ಯನನ್ನು ಕಾಣದಂತೆ ಮಾಡಿ, ಅವನು ಉಟ್ಟ ಬಟ್ಟೆಯೊಂದನ್ನೇ ಕಾಣಿಸುವುದು ಈ ಅಚ್ಚಿನ ಗುಣ. ನಮ್ಮ ಮಾಣಿ ರಾತ್ರಿಶಾಲೆಯಲ್ಲಿ ಓದುತ್ತಾನೆ, ಊರಿಗೆ ಹಣ ಕಳುಹಿಸಿ ತಂಗಿಯ ಮದುವೆ ಮಾಡುತ್ತಾನೆ, ಯಕ್ಷಗಾನದಲ್ಲಿ ವೇಷ ಕಟ್ಟುತ್ತಾನೆ. ಆದರೆ ಗಿರಾಕಿಯ ಕಣ್ಣಿಗೆ ಅವನು ಬರಿಯ ‘ಅಣ್ಣಾ’. ಈ ನೋವನ್ನು ಉಂಡವರು ನಾವು. ಅದನ್ನೇ ಇನ್ನೊಬ್ಬರ ಮಗುವಿಗೆ ಬಡಿಸುವುದು ನ್ಯಾಯವೇ?

ಕೊಂಢವಾಕ್ಕೂ ಇಂತಹ ಅಚ್ಚು ತಗುಲಿದೆ. ಮುಸಲ್ಮಾನ ಕುಟುಂಬಗಳು ಹೆಚ್ಚಾಗಿ ನೆಲೆಸಿವೆಯೆಂಬ ಒಂದೇ ಕಾರಣಕ್ಕೆ ಆ ಹೆಸರು ಕೇಳಿದೊಡನೆ ಹುಬ್ಬು ಗಂಟಿಕ್ಕುವವರು ಪುಣೆಯಲ್ಲಿದ್ದಾರೆ. ಆದರೆ ಊರಿನ ಹೆಸರನ್ನೇ ನೋಡಿ: ಒಂದು ಕೊಂಢವಾ ಖುರ್ದ್, ಇನ್ನೊಂದು ಕೊಂಢವಾ ಬುದ್ರುಕ್. ಖುರ್ದ್ ಎಂದರೆ ಚಿಕ್ಕದು, ಬುದ್ರುಕ್ ಎಂದರೆ ಹಿರಿದು. ಎರಡೂ ಪಾರಸೀ ಮೂಲದ ಮಾತುಗಳು, ಮರಾಠಿ ನಾಲಗೆಯಲ್ಲಿ ತಿರುಗಿ ನಯವಾದವು. ನಮ್ಮಲ್ಲಿ ಹಿರೇಬಾಗೇವಾಡಿ, ಚಿಕ್ಕಬಾಗೇವಾಡಿ ಎನ್ನುವಂತೆಯೇ ಇದೂ. ಬೆಳಗಾವಿಯ ಬಳಿಯ ಕಂಗ್ರಾಳಿ ಬಿ.ಕೆ., ಕಂಗ್ರಾಳಿ ಕೆ.ಎಚ್. ಎಂಬ ಹೆಸರುಗಳಲ್ಲಿ ಅಡಗಿರುವುದೂ ಈ ಬುದ್ರುಕ್, ಖುರ್ದ್‌ಗಳೇ. ಪುಣೆಯ ಸೀಮೆ ಒಂದು ಕಾಲಕ್ಕೆ ನಮ್ಮ ವಿಜಾಪುರದ ಆದಿಲಶಾಹಿಗೆ ಸೇರಿತ್ತೆಂಬುದನ್ನು ನೆನೆದರೆ, ಹೆಸರಿನಲ್ಲಿಯೇ ಇಷ್ಟೊಂದು ಜನ ಕೂಡಿ ಬಾಳಿದ ಊರಿನಲ್ಲಿ ಮಕ್ಕಳು ಒಂದೇ ಮೆಟ್ಟಿಲ ಮೇಲೆ ಕೂಡಿ ಆಡಲಾಗದೆಂಬುದು ವಿಚಿತ್ರವಾಗಿ ತೋರುತ್ತದೆ.

ಮಗು ಯಾವಾಗ ಕಲಿಯುತ್ತದೆ?

“ಮಕ್ಕಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ, ದೊಡ್ಡವರಾದ ಮೇಲೆ ಹೇಳಿದರಾಯಿತು” ಎಂಬುದು ಬಹುಮಂದಿಯ ಅಭಿಪ್ರಾಯ. ಇದು ತಪ್ಪೆಂದು ವಿದ್ವಾಂಸರು ಬಹುಕಾಲದ ಹಿಂದೆಯೇ ತೋರಿಸಿದ್ದಾರೆ. ಅಮೆರಿಕೆಯ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ನೀಗ್ರೋ ದಂಪತಿಗಳು 1940ರ ದಶಕದಲ್ಲಿ ತಮ್ಮದೇ ಜನಾಂಗದ ಮೂರರಿಂದ ಏಳು ವರ್ಷದ ಮಕ್ಕಳ ಮುಂದೆ ಬಣ್ಣವೊಂದನ್ನುಳಿದು ಎಲ್ಲದರಲ್ಲಿಯೂ ಒಂದೇ ಆಗಿದ್ದ ಗೊಂಬೆಗಳನ್ನು ಇಟ್ಟು, ಯಾವುದು ಚಂದ, ಯಾವುದು ಕೆಟ್ಟದ್ದು ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯನ್ನು ಚಂದವೆಂದು ಎತ್ತಿಕೊಂಡವು; ತಮ್ಮದೇ ಬಣ್ಣದ ಗೊಂಬೆಯನ್ನು ಕೆಟ್ಟದ್ದೆಂದವು. ಶಾಲೆಗಳಲ್ಲಿ ವರ್ಣಭೇದವನ್ನು ಅಳಿಸಿದ 1954ರ ತೀರ್ಪಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಕ್ಲಾರ್ಕರ ಅಧ್ಯಯನವನ್ನು ಉಲ್ಲೇಖಿಸಿತು. ಮೂರು ವರ್ಷದ ಮಗುವಿಗೆ ಯಾರೂ ಕೂಡಿಸಿ ಪಾಠ ಹೇಳಿರಲಿಲ್ಲ. ಯಾರಿಗೆ ಯಾವ ಕುರ್ಚಿ, ಯಾರನ್ನು ಯಾವ ದನಿಯಲ್ಲಿ ಕರೆಯುತ್ತಾರೆ ಎಂಬುದನ್ನು ನೋಡಿ ಅದು ತಾನೇ ಲೆಕ್ಕ ಹಾಕಿಕೊಂಡಿತ್ತು.

ನಮ್ಮ ಭಟ್ಟರ ಮಗಳ ಲೆಕ್ಕವೂ ಅದೇ ಬಗೆಯದು. ಮನೆಯಲ್ಲಿ ಒಲೆಯ ಮುಂದೆ ನಿಂತವಳು ಅಮ್ಮ; ಪಕ್ಕದ ಮನೆಯಲ್ಲಿಯೂ ಹಾಗೆಯೇ; ಟೀವಿಯ ಜಾಹೀರಾತಿನಲ್ಲಿಯೂ ಹಾಗೆಯೇ. ಕಂಡದ್ದರಿಂದ ಮಗು ಸರಿಯಾಗಿಯೇ ತೀರ್ಮಾನಿಸಿದೆ, ಕಾಣಿಸಿದ್ದರಲ್ಲಿ ಲೋಪವಿದೆ. ಆದುದರಿಂದ ಮಗುವನ್ನು ಗದರಿಸಿ ಪ್ರಯೋಜನವಿಲ್ಲ. ಅದು ಕಾಣದ್ದನ್ನು ಕಾಣಿಸಬೇಕು.

ಕಾಣಿಸುವ ಸುಲಭ ಸಾಧನ ಪುಸ್ತಕ. ಒಂದೇ ಗಲ್ಲಿಯಲ್ಲಿ ಇದ್ದ ಮಾತ್ರಕ್ಕೆ ಪರಿಚಯವಾಗುವುದಿಲ್ಲ. ಮುಸಲ್ಮಾನನ ಬೇಕರಿಯಲ್ಲಿ ಪಾವು ಕೊಳ್ಳುತ್ತೇವೆ, ಅವನ ರಿಕ್ಷಾದಲ್ಲಿ ಕೂರುತ್ತೇವೆ. ಅವನೂ ನಮ್ಮ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾನೆ. ಇದು ವ್ಯವಹಾರದ ಪರಿಚಯ. ಅವನ ಮನೆಯಲ್ಲಿ ರಾತ್ರಿ ಏನು ಮಾತಾಡುತ್ತಾರೆ, ಅಜ್ಜಿ ಯಾವುದಕ್ಕೆ ನಗುತ್ತಾಳೆ, ಹಬ್ಬದ ಹಿಂದಿನ ದಿನ ಯಾವ ಗಡಿಬಿಡಿಯಿರುತ್ತದೆ, ಇದನ್ನು ತಿಳಿಸುವುದು ಕಥೆ. ಕಥೆಯಲ್ಲಿ ‘ಅವರು’ ಎಂಬ ಗುಂಪು ಇರುವುದಿಲ್ಲ; ಹೆಸರು, ಮೂಗು, ಹಟ, ಅಳು ಉಳ್ಳ ಒಬ್ಬ ಮನುಷ್ಯನಿರುತ್ತಾನೆ. ಮಗು ಅವನ ಹಿಂದೆ ಹೋಗುತ್ತದೆ. ರೂಡೀನ್ ಸಿಮ್ಸ್ ಬಿಷಪ್ ಎಂಬ ಅಮೆರಿಕದ ವಿದುಷಿ 1990ರಲ್ಲಿ ಬರೆದ ಮಾತೊಂದು ಪ್ರಸಿದ್ಧವಾಗಿದೆ: ಮಕ್ಕಳ ಪುಸ್ತಕವು ಕೆಲವೊಮ್ಮೆ ತನ್ನನ್ನು ತಾನು ಕಾಣುವ ಕನ್ನಡಿ, ಕೆಲವೊಮ್ಮೆ ಇನ್ನೊಬ್ಬರ ಮನೆಯನ್ನು ಕಾಣುವ ಕಿಟಕಿ, ಕೆಲವೊಮ್ಮೆ ಆ ಮನೆಯೊಳಕ್ಕೆ ಕಾಲಿಡುವ ಬಾಗಿಲು. ಮಗುವಿಗೆ ಇವೆಲ್ಲವೂ ಬೇಕು.

ಬರಿಯ ಆಶೆಯಲ್ಲ ಇದು. ಇಂಗ್ಲೆಂಡಿನಲ್ಲಿ ಲಿಂಡ್ಸೆ ಕ್ಯಾಮರನ್ ಮತ್ತು ಸಂಗಡಿಗರು ಐದರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಇಂಗ್ಲಿಷ್ ಮಕ್ಕಳೂ ನಿರಾಶ್ರಿತರ ಮಕ್ಕಳೂ ಗೆಳೆಯರಾಗಿರುವ ಕಥೆಗಳನ್ನು ಕೆಲವು ವಾರಗಳ ಕಾಲ ಓದಿಸಿ, ಓದಿದ್ದನ್ನು ಕುರಿತು ಮಾತಾಡಿಸಿದರು. ಮಕ್ಕಳ ಮನೋಭಾವ ಮೃದುವಾದುದು ಕಂಡುಬಂತು; 2006ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಅದರಲ್ಲಿ ಗಮನಿಸತಕ್ಕ ಅಂಶವೊಂದಿದೆ. “ನಾವೆಲ್ಲ ಒಂದೇ” ಎಂದು ಭೇದವನ್ನು ಮರೆಸಿದ ಕಥೆಗಳಿಗಿಂತ, “ಇವನು ಬೇರೆ ನಾಡಿನವನು, ನಮ್ಮ ಶಾಲೆಯವನೂ ಹೌದು” ಎಂದು ಎರಡನ್ನೂ ಹೇಳಿದ ಕಥೆಗಳು ಹೆಚ್ಚು ಫಲ ಕೊಟ್ಟವು. ಪರಊರಿನಲ್ಲಿ ಕನ್ನಡಿಗರಾಗಿಯೇ ಉಳಿದು ಪುಣೇಕರರೂ ಆಗಿರುವ ನಮಗೆ ಇದು ಅನುಭವದ ಮಾತು.

ಪುಣೆಯಲ್ಲಿ ಅಚ್ಚಾದ ಒಂದು ಪುಟ

ಇದಕ್ಕೆ ದೂರದೇಶದ ಪುಸ್ತಕವೇ ಬೇಕೆಂದಿಲ್ಲ. ಮಹಾರಾಷ್ಟ್ರದ ಪಾಠಪುಸ್ತಕಗಳನ್ನು ಸಿದ್ಧಪಡಿಸುವ ‘ಬಾಲಭಾರತಿ’ ಸಂಸ್ಥೆ 1967ರಲ್ಲಿ ಸ್ಥಾಪಿತವಾದುದು ಪುಣೆಯಲ್ಲಿಯೇ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡ ಶಾಲೆಗಳಿಗೆ ಕನ್ನಡ ಪುಸ್ತಕಗಳೂ ಅಲ್ಲಿಂದಲೇ ಬರುತ್ತವೆ. 2019ರಲ್ಲಿ ಆ ಸಂಸ್ಥೆ ಹೊರತಂದ ಎರಡನೆಯ ಇಯತ್ತೆಯ ಹೊಸ ಪುಸ್ತಕಗಳಲ್ಲಿ ಒಂದು ಚಿತ್ರವಿತ್ತು: ತಾಯಿಯೂ ತಂದೆಯೂ ಎದುರುಬದುರು ಕುಳಿತು ತರಕಾರಿ ಸೋಸುತ್ತಿದ್ದಾರೆ. ಅದೇ ಪುಸ್ತಕಗಳಲ್ಲಿ ವೈದ್ಯರು ಹೆಂಗಸು, ರಸ್ತೆಯಲ್ಲಿ ವಾಹನ ನಿಯಂತ್ರಿಸುವ ಪೋಲೀಸರು ಹೆಂಗಸು, ಬಟ್ಟೆಗೆ ಇಸ್ತ್ರಿ ಹಾಕುವವನು ಗಂಡಸು. ಯಾವ ಉಪದೇಶವೂ ಇರಲಿಲ್ಲ. ವೃತ್ತಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಷ್ಟು ಸಣ್ಣ ಚಿತ್ರ ಸುದ್ದಿಯಾದುದೇ, ಅದಕ್ಕೆ ಮುಂಚಿನ ಚಿತ್ರಗಳೆಲ್ಲ ಹೇಗಿದ್ದುವೆಂಬುದಕ್ಕೆ ಸಾಕ್ಷಿ.

ನಾವು ಮುಂದಿನ ಸಲ ಹೋಗುವಾಗ ಆ ಪುಸ್ತಕದ ಹಳೆಯ ಪ್ರತಿಯೊಂದನ್ನು ಪರಿಚಿತರಿಂದ ಬೇಡಿ ತಂದು ಭಟ್ಟರಿಗೆ ಕೊಟ್ಟೆವು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, “ಹೋಟೆಲಿನಲ್ಲಿ ಇದನ್ನು ಮಾಡುವವರು ನಾವೇ, ಮನೆಯಲ್ಲಿ ಮಾಡಲು ಮಾತ್ರ ನಾಚಿಕೆ” ಎಂದರು. ಸಾವಿರಾರು ಕನ್ನಡ ಗಂಡಸರು ಅಕ್ಕಿ ರುಬ್ಬಿ, ಕಾಯಿ ತುರಿದು, ಪಾತ್ರೆ ತೊಳೆದು, ಬಡಿಸಿ ಬದುಕುತ್ತಿದ್ದಾರೆ. ಪಗಾರ ಸಿಕ್ಕರೆ ಅದು ಗಂಡಸಿನ ಉದ್ಯೋಗ, ಸಿಗದಿದ್ದರೆ ಹೆಂಗಸಿನ ಕೆಲಸ ಎಂಬ ವಿಂಗಡಣೆಯನ್ನು ಮಾಡಿದವರು ಯಾರು? ನಮ್ಮ ಮಕ್ಕಳು ಈ ಅಚ್ಚನ್ನು ಮುರಿಯಲು ಬೇರೆಲ್ಲಿಗೂ ಹೋಗಬೇಕಾಗಿಲ್ಲ. ಅವರ ತಂದೆಯ ಕೈಯೇ ಅದಕ್ಕೆ ಉತ್ತರ. ಆದರೆ ಆ ಕೈಯನ್ನು ಮಕ್ಕಳಿಗೆ ತೋರಿಸುವವರಿಲ್ಲ.

ಹಳೆಯ ಕಥೆ, ಹೊಸ ಪ್ರಶ್ನೆ

ನಮ್ಮ ಪರಂಪರೆಯಲ್ಲಿ ಇದು ಹೊಸದಲ್ಲ. ಕನ್ನಡದ ಪ್ರತಿಯೊಂದು ಮಗುವೂ ಕೇಳಿ ಬೆಳೆದ ‘ಗೋವಿನ ಹಾಡ’ನ್ನು ನೆನೆಯಿರಿ. ಹುಲಿಯೆಂದರೆ ಕೊಲ್ಲುವುದು, ಅದು ಹಾಗೆಯೇ, ಎಲ್ಲರೂ ಬಲ್ಲರು. ಆದರೆ ಕೊಟ್ಟ ಮಾತಿಗೆ ತಪ್ಪದೆ ಪುಣ್ಯಕೋಟಿ ಮರಳಿ ಬಂದಾಗ ಆ ಹುಲಿ ‘ಹಾಗೆ’ ಇರಲಿಲ್ಲ. ಅದರ ಎದೆಯೂ ಕರಗಿತು. ಪುಣ್ಯಕೋಟಿಗಾಗಿ ಅಳುವ ಮಗು ಕೊನೆಯಲ್ಲಿ ಹುಲಿಗಾಗಿಯೂ ಅಳುತ್ತದೆ. ಯಾವ ಪಾಠ ಹೇಳಿದರೂ ಬಾರದ ಕಣ್ಣೀರು ಅದು.

ಕರಾವಳಿಯವರಿಗೆ ಇನ್ನೊಂದು ನಿದರ್ಶನ ಹತ್ತಿರದ್ದು. 1934ರ ರಾಯಚೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಹುಟ್ಟಿದ್ದು ತುಳುನಾಡಿನ ಬಂಟವಾಳ. ಮಕ್ಕಳಿಗಾಗಿ ಬರೆದದ್ದು ಕನ್ನಡದಲ್ಲಿ. ತುಳುವರ ಪಾಡ್ದನಗಳಲ್ಲಿದ್ದ ಬಿಲ್ಲವ ವೀರರಾದ ಕೋಟಿ ಚೆನ್ನಯರನ್ನು ಅವರು ಕನ್ನಡ ಗದ್ಯಕ್ಕೆ ತಂದರು. ಗರಡಿಯಲ್ಲಿ ಪೂಜೆಗೊಳ್ಳುವ ವೀರರು ಹೀಗೆ ಘಟ್ಟದ ಮೇಲಿನ ಮಕ್ಕಳಿಗೂ ನೆಂಟರಾದರು. ಒಂದು ಜಾತಿಯ ಮಗು ಇನ್ನೊಂದು ಜಾತಿಯ ವೀರನನ್ನು ತನ್ನವನೆಂದು ಮೆಚ್ಚಿಕೊಂಡಾಗ ಅಚ್ಚಿನ ಒಂದು ಮೂಲೆ ಮುರಿಯುತ್ತದೆ.

ಆದರೆ ಒಳ್ಳೆಯ ಪುಸ್ತಕವನ್ನೂ ಕಣ್ಣು ತೆರೆದು ಓದಬೇಕು. ಮರಾಠಿಯ ಮನೆಮನೆಯಲ್ಲಿರುವ ‘ಶ್ಯಾಮಚೀ ಆಯಿ’ಯನ್ನು ಸಾನೇ ಗುರೂಜಿಯವರು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದರು. ಅದರಲ್ಲಿ ಮಹಾರ ಮುದುಕಿಯೊಬ್ಬಳ ಸೌದೆಯ ಹೊರೆ ನೆಲಕ್ಕೆ ಬೀಳುತ್ತದೆ. ಮುಟ್ಟಿದರೆ ಮೈಲಿಗೆಯೆಂದು ಯಾರೂ ಹತ್ತಿರ ಸುಳಿಯುವುದಿಲ್ಲ. ಶ್ಯಾಮನ ತಾಯಿ ಮಗನನ್ನು ಕಳುಹಿಸಿ ಹೊರೆ ಎತ್ತಿಸುತ್ತಾಳೆ. ಆದರೆ ಆಮೇಲೆ ಬಂದು ಸ್ನಾನ ಮಾಡೆಂದೂ ಹೇಳುತ್ತಾಳೆ. ಆ ತಾಯಿಯ ಕಾಲಕ್ಕೆ ಅದು ದೊಡ್ಡ ಧೈರ್ಯ. ಇಂದು ಇದನ್ನು ಓದಿದ ಮಗು, “ಸ್ನಾನ ಯಾಕೆ?” ಎಂದು ಕೇಳದೆ ಬಿಡದು, ಕೇಳಬೇಕು. ಗುರೂಜಿಯವರು ತಾವೂ ಅಲ್ಲಿಗೆ ನಿಲ್ಲಲಿಲ್ಲ. ಪಂಢರಪುರದ ವಿಠ್ಠಲನ ಗುಡಿಯನ್ನು ಹರಿಜನರಿಗೆ ತೆರೆಯಬೇಕೆಂದು 1947ರ ಮೇ ತಿಂಗಳಲ್ಲಿ ಉಪವಾಸ ಕುಳಿತು ಗೆದ್ದರು. ಪುಸ್ತಕ ನಿಂತಲ್ಲಿಂದ ಓದುಗನು ಒಂದು ಹೆಜ್ಜೆ ಮುಂದೆ ಹೋಗಬಹುದೆಂಬುದಕ್ಕೆ ಬರೆದವನ ಬಾಳೇ ಸಾಕ್ಷಿಯಾಗಿದೆ.

ಜಪಾನಿನ ತೆತ್ಸುಕೊ ಕುರೊಯಾನಗಿಯವರ ‘ತೊತ್ತೋ ಚಾನ್’ 1981ರಲ್ಲಿ ಬಂದು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಿಗೆ ಇಳಿದಿದೆ. ಅದರಲ್ಲಿ ಕೊರಿಯಾದ ಹುಡುಗನೊಬ್ಬ ದಾರಿಯಲ್ಲಿ ಪುಟ್ಟ ತೊತ್ತೋಳನ್ನು ಕಂಡೊಡನೆ, “ಕೊರಿಯದವಳೇ!” ಎಂದು ಬೈಯುತ್ತಾನೆ. ಅವಳು ಜಪಾನಿನವಳು. ಅವಳ ತಾಯಿ ವಿಷಯ ತಿಳಿದು ಕಣ್ಣೀರು ಹಾಕುತ್ತಾಳೆ. ಊರವರು ತನ್ನನ್ನು ಆ ಮಾತಿನಿಂದಲೇ ಹೀಗಳೆದುದರಿಂದ, ಅದೊಂದು ಬೈಗುಳವೆಂದೇ ಹುಡುಗ ತಿಳಿದಿದ್ದಾನೆಂದು ಆಕೆಗೆ ಅರ್ಥವಾಗುತ್ತದೆ. ತನ್ನ ಕುಲದ ಹೆಸರೇ ಮಗುವಿಗೆ ಬೈಗುಳವಾಗುವುದಕ್ಕಿಂತ ದೊಡ್ಡ ಅನ್ಯಾಯ ಬೇರೆಯಿಲ್ಲ. ನಮ್ಮ ಮಾತಿನಲ್ಲಿ ಯಾವ ಯಾವ ಜಾತಿಯ, ಯಾವ ಯಾವ ನಾಡಿನ ಹೆಸರು ಬೈಗುಳವಾಗಿ ಬಳಕೆಯಲ್ಲಿದೆಯೆಂದು ಪ್ರತಿಯೊಬ್ಬರೂ ತಮ್ಮ ನಾಲಗೆಯನ್ನೇ ಕೇಳಿಕೊಳ್ಳಬಹುದು.

ಪುಸ್ತಕ ಆರಿಸುವಾಗ ಎರಡು ಎಚ್ಚರಿಕೆಗಳು ಅವಶ್ಯ. ಒಂದು: ಇನ್ನೊಬ್ಬರನ್ನು ದೇವತೆಗಳನ್ನಾಗಿ ಮಾಡಿ ತೋರಿಸುವ ಕಥೆ ಬೇಡ. ದೇವತೆಯೂ ಒಂದು ಅಚ್ಚೇ. ಮಗುವಿಗೆ ಬೇಕಾದುದು ತನ್ನಂತೆಯೇ ತುಂಟ, ತನ್ನಂತೆಯೇ ಜಗಳಗಂಟ ಗೆಳೆಯ. ಎರಡು: ಬಡವರು, ದಲಿತರು, ಅಂಗವಿಕಲರು ಬರಿಯ ದುಃಖಪಡುವವರಾಗಿಯೇ ಬರುವ ಪುಸ್ತಕಗಳು ಮಾತ್ರ ಸಾಲವು. ಅವರೂ ಗೆಲ್ಲುವುದನ್ನು, ನಗುವುದನ್ನು, ಮೋಸಹೋಗುವುದನ್ನು ಮಗು ನೋಡಬೇಕು. ಕನಿಕರ ಕಲಿತ ಮಗು ಮೇಲಿನಿಂದ ನೋಡುತ್ತದೆ. ಗೆಳೆತನ ಕಲಿತ ಮಗು ಎದುರಿನಿಂದ ನೋಡುತ್ತದೆ.

ದುಡಿಯುವವರಿಗೆ ಸಮಯವೆಲ್ಲಿ?

“ಇದೆಲ್ಲ ಸರಿ ಸ್ವಾಮಿ, ಹದಿನಾಲ್ಕು ಗಂಟೆ ನಿಂತು ದುಡಿದವನಿಗೆ ಪುಸ್ತಕ ಓದಿಸಲು ಸಮಯವೆಲ್ಲಿ, ಹಣವೆಲ್ಲಿ?” ಎಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಎರಂಡವಣೆಯ ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆಯಿದೆ. ಆದರೆ ಕೊಂಢವಾದ ಮಗುವಿಗೆ ಅದು ದೂರ. ಇಲ್ಲಿಯ ಮಕ್ಕಳು ಇಂಗ್ಲಿಷ್ ಶಾಲೆಗೋ ಮರಾಠಿ ಶಾಲೆಗೋ ಹೋಗುತ್ತಾರೆ. ಕನ್ನಡ ಅಕ್ಷರವೇ ಅಪರೂಪ.

ಆದರೂ ದಾರಿಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ಜಾಲತಾಣದಲ್ಲಿ ಚಿತ್ರಕಥೆಗಳನ್ನು ಕನ್ನಡ, ಮರಾಠಿ, ಹಿಂದಿ, ಉರ್ದು ಮುಂತಾದ ಭಾಷೆಗಳಲ್ಲಿ ಬಿಡಿಕಾಸಿಲ್ಲದೆ ಮೊಬೈಲಿನಲ್ಲಿಯೇ ಓದಬಹುದು. 1957ರಿಂದ ನಡೆದುಬಂದಿರುವ ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳ ಬೆಲೆಯೂ ಕೈಗೆಟಕುವಂತಹುದು. ಚೆನ್ನೈಯ ತೂಲಿಕಾ ಪ್ರಕಾಶನ 1996ರಿಂದ ಕನ್ನಡ, ಮರಾಠಿ ಸೇರಿದಂತೆ ಒಂಬತ್ತು ಭಾಷೆಗಳಲ್ಲಿ ಮಕ್ಕಳ ಪುಸ್ತಕಗಳನ್ನು ತಂದಿದೆ. ದೇಶವಿಭಜನೆಯ ಕಾಲದ ಕರಾಚಿಯಲ್ಲಿ ಇಬ್ಬರು ಹುಡುಗರ ಗೆಳೆತನವನ್ನು ಹೇಳುವ ನೀನಾ ಸಬ್ನಾನಿಯವರ ‘ಮುಕುಂದ್ ಮತ್ತು ರಿಯಾಜ್’ ಆ ಪ್ರಕಾಶನದ್ದು. ತಂದೆಯ ನೆನಪನ್ನೇ ಮಗಳು ಬಟ್ಟೆಯ ತುಂಡುಗಳಿಂದ ಹೊಲಿದ ಚಿತ್ರಗಳಲ್ಲಿ ಹೇಳಿದ್ದಾಳೆ. ಹೋಟೆಲಿನ ಮಾಲೀಕರೂ ಕನ್ನಡ ಸಂಘಗಳೂ ಮನಸ್ಸು ಮಾಡಿದರೆ, ಕಾರ್ಮಿಕರ ಬಿಡಾರದಲ್ಲಿ ಇಂತಹ ಇಪ್ಪತ್ತು ಪುಸ್ತಕಗಳ ಒಂದು ಪೆಟ್ಟಿಗೆ ಇಡುವುದು ಅಸಾಧ್ಯವೇನಲ್ಲ.

ಸಮಯದ ವಿಷಯ. ವಾರಕ್ಕೊಮ್ಮೆ, ರಜೆಯ ದಿನ, ಇಪ್ಪತ್ತು ನಿಮಿಷ ಸಾಕು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದಿರುವವರು ನಮ್ಮಲ್ಲಿ ಬಹಳ. ಮಧ್ಯಾಹ್ನದ ಬಿಡುವಿನಲ್ಲಿ ಫೋನು ಮಾಡಿದಾಗ, “ಊಟವಾಯಿತೇ? ಶಾಲೆಗೆ ಹೋದೆಯಾ?” ಎಂಬ ಎರಡು ಪ್ರಶ್ನೆಯ ಬಳಿಕ ಮಾತು ನಿಲ್ಲುತ್ತದೆ. ಅಲ್ಲಿ ಒಂದು ಕಥೆ ಓದಿ ಹೇಳಿ ನೋಡಿ. ಮರುದಿನ ಮಗುವೇ ಫೋನಿಗಾಗಿ ಕಾದು ಕೂರುತ್ತದೆ.

ಓದಿಸುವ ಕ್ರಮವೂ ಸರಳವೇ. ಕಥೆ ಮುಗಿದ ಮೇಲೆ ನೀತಿ ಹೇಳಬೇಡಿ, ಪ್ರಶ್ನೆ ಕೇಳಿ. “ಈ ಚಿತ್ರದಲ್ಲಿ ಯಾರಿದ್ದಾರೆ? ಯಾರಿಲ್ಲ?” “ನೀನು ಆ ಹುಡುಗನಾಗಿದ್ದರೆ ಏನು ಮಾಡುತ್ತಿದ್ದೆ?” “ನಮ್ಮ ಕಟ್ಟಡದಲ್ಲಿ ಇಂತಹವರು ಯಾರಿದ್ದಾರೆ?” ಕೊನೆಯ ಪ್ರಶ್ನೆಯೇ ಮುಖ್ಯ, ಏಕೆಂದರೆ ಅದು ಪುಸ್ತಕದಿಂದ ಮೆಟ್ಟಿಲಿಗೆ ಕರೆತರುತ್ತದೆ. ಮಗು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲವೆಂದೇ ಹೇಳಿ. ಅಂದು ನಾವು ಮೂವರು ಹಿರಿಯರು ಮಾಡಿದಂತೆ ಸುಮ್ಮನಿದ್ದುಬಿಡಬೇಡಿ. ಹಿರಿಯರ ಮೌನವನ್ನು ಮಗು ಒಪ್ಪಿಗೆಯೆಂದೇ ಓದಿಕೊಳ್ಳುತ್ತದೆ.

ಮತ್ತೆ ಆ ಮೆಟ್ಟಿಲ ಮೇಲೆ

ಮೂರನೆಯ ಸಲ ಹೋದಾಗ ನಾವು ತೂಲಿಕಾದವರ ‘ಇಸ್ಮತನ ಈದ್’ ಎಂಬ ಚಿತ್ರಪುಸ್ತಕವನ್ನು ಒಯ್ದಿದ್ದೆವು. ಫೌಜಿಯಾ ಗಿಲಾನಿ ವಿಲಿಯಮ್ಸ್ ಅವರು ತುರ್ಕಿಯ ಜನಪದ ಕಥೆಯೊಂದನ್ನು ಆಧರಿಸಿ ಹೇಳಿದ್ದು. ಇಸ್ಮತ್ ಹಬ್ಬಕ್ಕೆ ಕೊಂಡ ಪಾಯಜಾಮ ನಾಲ್ಕು ಬೆರಳು ಉದ್ದ. ಕತ್ತರಿಸಿ ಕೊಡಿರೆಂದರೆ ಹೆಂಡತಿ, ತಾಯಿ, ಮಗಳು, ಮೂವರಿಗೂ ಹಬ್ಬದ ಕೆಲಸದಲ್ಲಿ ಬಿಡುವಿಲ್ಲ. ಆಮೇಲೆ ಒಬ್ಬರಿಗೊಬ್ಬರು ತಿಳಿಸದೆ ಎಲ್ಲರೂ ನಾಲ್ಕು ನಾಲ್ಕು ಬೆರಳು ಕತ್ತರಿಸುತ್ತಾರೆ. ಬೆಳಗ್ಗೆ ನೋಡಿದರೆ ಹೇಗಿದ್ದೀತೆಂದು ವಾಚಕರೇ ಊಹಿಸಬಹುದು.

ನಮ್ಮ ಕೈಯಲ್ಲಿದ್ದ ಪ್ರತಿ ಇಂಗ್ಲಿಷಿನದು. ಭಟ್ಟರು ಮೆಟ್ಟಿಲ ಮೇಲೆ ಕುಳಿತು ಚಿತ್ರ ತೋರಿಸುತ್ತ ಒಂದು ಮಾತು ಕನ್ನಡದಲ್ಲಿ, ಒಂದು ಮಾತು ಹಿಂದಿಯಲ್ಲಿ ಕಥೆ ಹೇಳಿದರು. ಎರಡು ಮಕ್ಕಳೂ ಹೊಟ್ಟೆ ಹಿಡಿದು ನಕ್ಕವು. ಹುಡುಗನು, ತನ್ನ ಅಬ್ಬಾನ ಹಬ್ಬದ ಬಟ್ಟೆಯೂ ಉದ್ದವಾಗಿ ಹೀಗೆಯೇ ಫಜೀತಿಯಾಗಿತ್ತೆಂದು ಉತ್ಸಾಹದಿಂದ ಹೇಳಿದನು. ಭಟ್ಟರ ಮಗಳು, ಕಳೆದ ದೀಪಾವಳಿಗೆ ತನ್ನ ಲಂಗವೂ ಉದ್ದವಾಗಿತ್ತೆಂದಳು. ಬಳಿಕ ಒಂದು ಗಳಿಗೆ ಚಿತ್ರವನ್ನೇ ನೋಡಿ ಕೇಳಿದಳು: “ಅವರೆಲ್ಲರಿಗೂ ಕೆಲಸವಿತ್ತಲ್ಲ, ಇಸ್ಮತ್ ಯಾಕೆ ಮೊದಲೇ ತಾನೇ ಹೊಲಿದುಕೊಳ್ಳಲಿಲ್ಲ? ಅಡಿಗೆಗೂ ಯಾಕೆ ಕೈ ಹಾಕಲಿಲ್ಲ?”

ನಾವು ಭಟ್ಟರ ಮುಖ ನೋಡಿದೆವು. ಒಂದು ಅಚ್ಚನ್ನು ಮುರಿಯಲೆಂದು ತಂದ ಪುಸ್ತಕದಲ್ಲಿ ಇನ್ನೊಂದು ಅಚ್ಚು ಅಡಗಿರುವುದನ್ನು ಆರು ವರ್ಷದ ಮಗು ಹಿಡಿದಿತ್ತು. ಭಟ್ಟರು ಈ ಸಲ ಸುಮ್ಮನಿರಲಿಲ್ಲ. “ಅವನಿಗೂ ನಾಚಿಕೆಯಿದ್ದೀತು ಮಗಾ, ನನ್ನ ಹಾಗೆ” ಎಂದು ಎದ್ದು ಒಳಗೆ ಹೋಗಿ ಒಲೆ ಹಚ್ಚಿದರು. ಹಿಟ್ಟು ಮನೆಯದು, ಕಾವಲಿ ಸಣ್ಣದು, ಹೋಟೆಲಿನ ಕೈಗೆ ಅದು ಒಗ್ಗದೆ ಮೊದಲನೆಯ ದೋಸೆ ಹರಿಯಿತು. ಎರಡನೆಯದು ಗುಂಡಗೆ, ಕೆಂಪಗೆ ಎದ್ದಿತು. ಮಕ್ಕಳಿಬ್ಬರೂ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ಆ ಕೈಯ ಚಳಕವನ್ನು ಬಾಯ್ದೆರೆದು ನೋಡಿದರು. ಊರಿನ ಹಿರಿಯರು ಆಗಲೇ ಮರಳಿ ಹೋಗಿದ್ದರು. ಅವರಿದ್ದಿದ್ದರೆ ಏನೆನ್ನುತ್ತಿದ್ದರೋ ನಾವು ಹೇಳಲಾರೆವು. ತಟ್ಟೆಯಲ್ಲಿ ದೋಸೆ ಹಾಕಿಕೊಂಡ ಮಗಳು ಅದನ್ನು ಎರಡಾಗಿ ಹರಿದು ಒಂದು ಪಾಲನ್ನು ಹುಡುಗನಿಗೆ ಕೊಟ್ಟಳು. ಅವನು ತೆಗೆದುಕೊಂಡನು.

ಮುಂದಿನ ವಾರದ ಅಡಿಗೆಯಾಟದಲ್ಲಿ ಸಟ್ಟುಗ ಯಾರ ಕೈಯಲ್ಲಿತ್ತೆಂದು ನಾವು ಭಟ್ಟರನ್ನು ವಿಚಾರಿಸಿದೆವು. ಸರದಿಯ ಪ್ರಕಾರ, ಎಂದರು.